ಬೀಳಲು ಕಲಿತವರ ಆಟ

ಕರಾವಳಿಯ ಯಾವುದಾದರೂ ಊರಿನ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾಟಕ್ಕೆ ಒಮ್ಮೆ ಹೋಗಿ ನೋಡಿ. ಸ್ಮ್ಯಾಶ್ ನೆಲಕ್ಕೆ ಅಪ್ಪಳಿಸಿದ ಕೂಡಲೇ ಸೀಟಿ, ಚಪ್ಪಾಳೆ, ಮೈಕಿನಲ್ಲಿ ವಿವರಣೆಗಾರರ ಅಬ್ಬರ. ಅದೇ ಸ್ಮ್ಯಾಶನ್ನು ಹಿಂಬದಿಯಲ್ಲಿ ನಿಂತ ಒಬ್ಬ ಹುಡುಗ ಮಣ್ಣಿಗೆ ಮೈಚೆಲ್ಲಿ ಎತ್ತಿಬಿಟ್ಟರೆ ಮಾತ್ರ ಮೈದಾನ ಒಂದು ಕ್ಷಣ ಉಸಿರು ಬಿಗಿಹಿಡಿಯುತ್ತದೆ. ಮುಗಿದೇ ಹೋಯಿತೆಂದುಕೊಂಡ ಚೆಂಡು ಮತ್ತೆ ದೀಪದ ಬೆಳಕಿಗೆ ಏರುತ್ತದೆ. ಎದುರಾಳಿಗಳ ಕೈ ಆಗಲೇ ಸೋಲತೊಡಗುತ್ತದೆ.

ನೋಡುವವರು ಅದನ್ನು ‘ಒಳ್ಳೆ ಲಕ್ಕು’ ಎನ್ನುತ್ತಾರೆ. ಇಲ್ಲವೇ ‘ಅವನಿಗೆ ಹುಟ್ಟಿನಿಂದಲೇ ಬಂದದ್ದು’ ಎಂದು ಮುಗಿಸುತ್ತಾರೆ. ಎರಡೂ ಸರಿಯಲ್ಲ. ವಾಲಿಬಾಲ್‌ನಲ್ಲಿ ಎತ್ತರ ಹುಟ್ಟಿನಿಂದ ಬರುತ್ತದೆ, ಡಿಫೆನ್ಸ್ ಅಭ್ಯಾಸದಿಂದ ಬರುತ್ತದೆ. ಅದು ಕುಂಬಾರಿಕೆ, ನೇಯ್ಗೆಗಳಂತೆ ದಿನದಿನವೂ ಕೈಗೂಡಿಸಿಕೊಳ್ಳಬೇಕಾದ ಕಸುಬು. ಅದರ ಮೊದಲ ಪಾಠ ಚೆಂಡು ಎತ್ತುವುದಲ್ಲ, ಪೆಟ್ಟಾಗದಂತೆ ಬೀಳುವುದು.

ನೂಲಿನ ಗಿರಣಿಯ ಹೆಣ್ಣುಮಕ್ಕಳು

ಈ ಮಾತನ್ನು ಜಗತ್ತಿಗೆ ತೋರಿಸಿಕೊಟ್ಟವರು ಜಪಾನಿನ ಹೆಣ್ಣುಮಕ್ಕಳು. ಒಸಾಕಾ ಪ್ರಾಂತ್ಯದ ಕೈಜುಕಾ ಎಂಬಲ್ಲಿ ನಿಚಿಬೊ ಕಂಪನಿಯ ನೂಲಿನ ಗಿರಣಿ ಇತ್ತು. ಹಗಲು ಅಲ್ಲಿ ಕೆಲಸ ಮಾಡುತ್ತಿದ್ದ ಯುವತಿಯರು ಸಂಜೆ ಅಂಕಣಕ್ಕಿಳಿದರೆ ಅಭ್ಯಾಸ ಮುಗಿಯುವಾಗ ನಡುರಾತ್ರಿಯಾಗುತ್ತಿತ್ತು. ಅವರ ತರಬೇತುದಾರ ಹಿರೊಬುಮಿ ದೈಮತ್ಸು. ಯುರೋಪಿನ, ಅದರಲ್ಲೂ ಸೋವಿಯತ್ ಒಕ್ಕೂಟದ ಆಟಗಾರ್ತಿಯರ ಎತ್ತರಕ್ಕೆ ತನ್ನ ತಂಡ ಸಾಟಿಯಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅವರು ನೆಟ್‌ನ ಮೇಲಿನ ಪೈಪೋಟಿಗಿಂತ ನೆಲದ ಮೇಲಿನ ಪೈಪೋಟಿಗೆ ತಂಡವನ್ನು ಸಜ್ಜುಗೊಳಿಸಿದರು.

ಜಪಾನಿನಲ್ಲಿ ಮಕ್ಕಳಾಡುವ ಒಂದು ಗೊಂಬೆಯಿದೆ. ಬುಡ ಭಾರವಾಗಿರುವುದರಿಂದ ಎಷ್ಟು ಸಲ ಉರುಳಿಸಿದರೂ ತಾನೇ ಎದ್ದು ಕೂರುತ್ತದೆ. ದೈಮತ್ಸು ಅವರಿಗೆ ಹೊಳಹು ಸಿಕ್ಕಿದ್ದು ಈ ಗೊಂಬೆಯಿಂದ ಎನ್ನುತ್ತಾರೆ. ಆಟಗಾರ್ತಿ ಪಕ್ಕಕ್ಕೆ ಚಾಚಿ ಚೆಂಡನ್ನೆತ್ತಿ, ಬಿದ್ದ ರಭಸದಲ್ಲೇ ಒಂದು ಉರುಳು ಉರುಳಿ, ಮರುಕ್ಷಣ ಕಾಲ ಮೇಲೆ ನಿಂತಿರಬೇಕು. ಇದೇ ‘ಕೈತೆನ್ ರಿಸೀವ್’, ಅಂದರೆ ಉರುಳಿ ಎತ್ತುವ ಪಟ್ಟು. ಬಿದ್ದವಳು ಆಟದಿಂದ ಹೊರಗುಳಿಯುವ ಗಳಿಗೆಯನ್ನೇ ಅದು ಇಲ್ಲವಾಗಿಸಿತು.

1962ರಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಜಪಾನಿನ ಪಾಲಾಯಿತು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಮೊದಲ ಸಲ ಸೇರ್ಪಡೆಯಾದಾಗ ಜಪಾನ್ ತಂಡದ 12 ಮಂದಿಯಲ್ಲಿ 10 ಮಂದಿ ಕೈಜುಕಾ ಗಿರಣಿಯವರೇ. ನಾಯಕಿ ಮಸಾಯೆ ಕಸಾಯ್. ಅಕ್ಟೋಬರ್ 23ರಂದು ಅವರು ಸೋವಿಯತ್ ತಂಡವನ್ನು 15-11, 15-8, 15-13ರಿಂದ ನೇರ ಸೆಟ್‌ಗಳಲ್ಲಿ ಸೋಲಿಸಿ ಚಿನ್ನ ಗೆದ್ದರು. ಟೋಕಿಯೊ ಸುತ್ತಲಿನ ಕಾಂತೊ ಪ್ರದೇಶದಲ್ಲಿ ಶೇ 66.8ರಷ್ಟು ಮನೆಗಳ ಟಿ.ವಿ.ಗಳಲ್ಲಿ ಆ ರಾತ್ರಿ ಓಡುತ್ತಿದ್ದುದು ಇದೇ ಪಂದ್ಯ. ‘ಪೂರ್ವದ ಮಾಟಗಾತಿಯರು’ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಅವರಲ್ಲಿ ಮಾಟವೇನೂ ಇರಲಿಲ್ಲ, ಸಾವಿರಾರು ಸಲ ಬಿದ್ದು ಎದ್ದ ಅಭ್ಯಾಸವಿತ್ತು.

ದೈಮತ್ಸು ಅವರ ಕಟುತನವನ್ನು ಅಂದೂ ಅನೇಕರು ಒಪ್ಪಲಿಲ್ಲ. ಜಪಾನಿನಲ್ಲೇ ಅವರನ್ನು ‘ರಾಕ್ಷಸ ದೈಮತ್ಸು’ ಎನ್ನುತ್ತಿದ್ದರು. ದಣಿದು ಬಿದ್ದವರ ಮೇಲೂ ಚೆಂಡೆಸೆಯುವ ಆ ಕ್ರೌರ್ಯವನ್ನು ಇಂದಿನ ಮಕ್ಕಳ ಮೇಲೆ ಹೇರಬೇಕಾಗಿಲ್ಲ. ಅವರಿಂದ ನಾವು ಪಡೆಯಬೇಕಾದದ್ದು ಬೀಳುವುದನ್ನೂ ಒಂದು ಪಾಠವಾಗಿ ಕಲಿಸಬಹುದೆಂಬ ತಿಳಿವಳಿಕೆ.

ಕಣ್ಣು ಮೊದಲು, ಕೈ ಆಮೇಲೆ

ಅಂಕಣದ ಉದ್ದ 18 ಮೀಟರ್, ಅಗಲ 9 ಮೀಟರ್. ಗಂಟೆಗೆ 100 ಕಿ.ಮೀ. ವೇಗದ ಸ್ಮ್ಯಾಶ್ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಎಂಟು ಮೀಟರ್ ದೂರದಲ್ಲಿ ನಿಂತವನಿಗೆ ಸಿಗುವುದು 0.3 ಸೆಕೆಂಡಿಗಿಂತ ಕಡಿಮೆ. ಕಣ್ಣಿಗೆ ಕಂಡದ್ದಕ್ಕೆ ಮೈ ಅಲುಗಲು ಸುಮಾರು 0.2 ಸೆಕೆಂಡು ಅಲ್ಲೇ ಖರ್ಚು. ಚೆಂಡು ಕೈಬಿಟ್ಟ ಮೇಲೆ ಓಡಿ ಹಿಡಿಯುತ್ತೇನೆ ಎಂದರೆ ಆಗದ ಮಾತು. ಒಳ್ಳೆಯ ಡಿಫೆಂಡರ್ ಚೆಂಡು ಹೊಡೆಯುವ ಮೊದಲೇ ಅದು ಬರುವ ಜಾಗದ ಹತ್ತಿರ ಇರುತ್ತಾನೆ.

ಅದು ಹೇಗೆ ಸಾಧ್ಯ? ಅವನ ಕಣ್ಣು ಚೆಂಡಿನ ಜೊತೆಯಲ್ಲೇ ಅಲೆಯುವುದಿಲ್ಲ. ಎದುರು ತಂಡದ ಮೊದಲ ಪಾಸ್ ನೆಟ್‌ಗೆ ಎಷ್ಟು ಹತ್ತಿರ ಹೋಯಿತು ಎಂದು ನೋಡಿ, ಲಿಫ್ಟರ್‌ನ ಕೈ ನೋಡಿ, ಚೆಂಡು ಮೇಲೇರಿದೊಡನೆ ಸ್ಮ್ಯಾಶರ್‌ನ ಓಟದ ದಿಕ್ಕು, ಭುಜ, ಮೊಣಕೈಗಳತ್ತ ದೃಷ್ಟಿ ನೆಡುತ್ತಾನೆ. ಚೆಂಡು ನೆಟ್‌ನಿಂದ ದೂರವಾಯಿತೇ? ಹೊಡೆತ ಉದ್ದವಾಗಿ ಬರುವ ಸಂಭವ ಹೆಚ್ಚು, ಹಿಂದೆ ಸರಿ. ಮೊಣಕೈ ಕೆಳಗಿಳಿಯಿತೇ? ಮೆಲ್ಲಗೆ ತಟ್ಟಿ ಹಾಕಬಹುದು, ಮುಂದಕ್ಕೆ ಬಾ. ನಮ್ಮ ಬ್ಲಾಕರ್‌ಗಳ ಕೈ ಯಾವ ದಾರಿಯನ್ನು ಮುಚ್ಚಿದೆಯೋ ಅಲ್ಲಿ ನಿಲ್ಲಬೇಡ, ತೆರೆದ ದಾರಿಯಲ್ಲಿ ನಿಲ್ಲು.

ನಿಲ್ಲುವ ಭಂಗಿಯೂ ಮುಖ್ಯ. ಪಾದಗಳ ಅಂತರ ಭುಜಕ್ಕಿಂತ ತುಸು ಅಗಲ, ಮೊಣಕಾಲು ಬಾಗಿರಬೇಕು, ಭಾರ ಹಿಮ್ಮಡಿಯ ಮೇಲಲ್ಲ, ಪಾದದ ಮುಂಭಾಗದ ಮೇಲೆ. ಸ್ಮ್ಯಾಶರ್ ಹೊಡೆಯುವ ಗಳಿಗೆಗೆ ಓಟ ನಿಂತಿರಬೇಕು. ಓಡುತ್ತಲೇ ಇದ್ದವನು ಎದುರು ದಿಕ್ಕಿಗೆ ತಿರುಗಲಾರ.

ಸಂಜೆಯ ಅಭ್ಯಾಸ

ಮೊದಲ ಹತ್ತು ನಿಮಿಷ ಚೆಂಡೇ ಬೇಡ. ಮೇಷ್ಟ್ರು ಕೈ ತೋರಿಸಿದ ದಿಕ್ಕಿಗೆ ಮಕ್ಕಳು ತಗ್ಗಿದ ಭಂಗಿಯಲ್ಲೇ ಎರಡು ಹೆಜ್ಜೆ ಸರಿದು ನಿಲ್ಲಬೇಕು. ತಲೆ ಮೇಲೆ ಕೆಳಗೆ ಕುಣಿಯಬಾರದು. ಇದೇ ಬುನಾದಿ.

ಆಮೇಲೆ ಬೀಳುವ ಪಾಠ. ಕುಕ್ಕರಗಾಲಿನಲ್ಲಿ ಕೂತು, ಒಂದು ಕಾಲನ್ನು ಪಕ್ಕಕ್ಕೆ ಚಾಚಿ, ಕೈ ನೆಲದುದ್ದಕ್ಕೆ ಜಾರಿಸಿ, ತೊಡೆ, ಬೆನ್ನು, ಭುಜ ಈ ಕ್ರಮದಲ್ಲಿ ಉರುಳಿ ಎದ್ದೇಳುವುದು. ಮೊಣಕಾಲು, ಮೊಣಕೈ ಮೊದಲು ನೆಲಕ್ಕೆ ಬಡಿಯಬಾರದು. ಕೂತಲ್ಲಿಂದ ಬಂದರೆ ನಿಂತು, ನಿಂತು ಬಂದರೆ ಎರಡು ಹೆಜ್ಜೆ ಓಡಿ. ಮುಂದಕ್ಕೆ ಡೈವ್ ಮಾಡುವುದು ಇದಾದ ಮೇಲೆ. ಅದರಲ್ಲಿ ಗಲ್ಲ ಮೇಲಕ್ಕಿರಬೇಕು, ಅಂಗೈ ಭಾರ ಹಿಡಿದು ಎದೆ, ಹೊಟ್ಟೆ ಜಾರಬೇಕು. ಮರಳು, ಹುಲ್ಲು ಅಥವಾ ಚಾಪೆಯ ಮೇಲೆ ಕಲಿತು, ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಂಡೇ ಗಟ್ಟಿ ನೆಲಕ್ಕೆ ಬರಬೇಕು. ಕಲ್ಲುಹರಳು ಎದ್ದ ಮೈದಾನದಲ್ಲಿ ಡೈವ್ ಬೇಡವೇ ಬೇಡ. ನೆಲದ ಹೆದರಿಕೆ ಹೋಗದ ಮಗು ಚೆಂಡಿನತ್ತ ಅರ್ಧ ಹೆಜ್ಜೆ ಹಿಂದೆಯೇ ಉಳಿಯುತ್ತದೆ.

ಮೂರನೆಯದು ಪೆಪ್ಪರ್. ಇಬ್ಬರು ಎದುರುಬದುರು ನಿಂತು ಒಬ್ಬ ಹೊಡೆಯುವುದು, ಇನ್ನೊಬ್ಬ ಎತ್ತುವುದು, ಮೊದಲಿನವ ಲಿಫ್ಟ್ ಕೊಡುವುದು, ಎತ್ತಿದವ ಈಗ ಹೊಡೆಯುವುದು. ಇಲ್ಲಿ ಕೈಗಳನ್ನು ಹತ್ತಿರದಿಂದ ಗಮನಿಸಿ. ಎರಡು ಹೆಬ್ಬೆರಳು ಜೋಡಿ, ಮಣಿಕಟ್ಟು ಕೆಳಕ್ಕೆ ಬಾಗಿ, ಮುಂಗೈಗಳು ಒಂದು ಹಲಗೆಯಂತೆ ಸಮ. ಚೆಂಡು ತಾಗಬೇಕಾದದ್ದು ಮಣಿಕಟ್ಟಿನಿಂದ ಎರಡು ಮೂರು ಇಂಚು ಮೇಲೆ, ಮಾಂಸವಿರುವ ಜಾಗಕ್ಕೆ. ಬಿರುಸಿನ ಚೆಂಡಿಗೆ ಕೈ ಬೀಸಿದರೆ ಅದು ಪ್ರೇಕ್ಷಕರ ನಡುವೆ ಹೋಗುತ್ತದೆ. ಕೈಯನ್ನು ತುಸು ಒಳಕ್ಕೆ ಎಳೆದುಕೊಂಡರೆ ಅದರ ಜೋರು ಇಳಿದು ಮೇಲಕ್ಕೇರುತ್ತದೆ. ಮೊದಲ ವಾರ ಮುಂಗೈ ಕೆಂಪಗೆ ಚುರುಗುಡುತ್ತದೆ. ಕ್ರಮೇಣ ಕೈ ಒಗ್ಗುತ್ತದೆ.

ನಾಲ್ಕನೆಯದು ಮೇಜಿನ ಮೇಲಿಂದ ಹೊಡೆತ. ನೆಟ್‌ನ ಆಚೆ ಮೇಜಿನ ಮೇಲೆ ಮೇಷ್ಟ್ರು ನಿಂತು ಹೊಡೆಯುತ್ತಾರೆ, ಈಚೆ ಹಿಂಬದಿಯಲ್ಲಿ ಮೂವರು. ಎತ್ತಿದ ಚೆಂಡು 3 ಮೀಟರ್ ಗೆರೆಯ ಮೇಲೆ ಲಿಫ್ಟರ್ ಓಡಿ ಬರುವಷ್ಟು ಎತ್ತರಕ್ಕೆ ಹೋದರೆ ಮಾತ್ರ ಲೆಕ್ಕ. ಅಂಥ ಹತ್ತು ಆಗುವವರೆಗೆ ಅಭ್ಯಾಸ ನಿಲ್ಲದು. ‘ನಂದು!’ ಎಂದು ಕೂಗದೆ ಇಬ್ಬರ ನಡುವೆ ಚೆಂಡು ಬಿದ್ದರೆ ಎಣಿಕೆ ಮತ್ತೆ ಸೊನ್ನೆಯಿಂದ.

ಆದರೆ ಮೇಜಿನ ಅಭ್ಯಾಸಕ್ಕೆ ಮಿತಿಯಿದೆ. ಮಕ್ಕಳು ಮೇಷ್ಟ್ರ ಕೈಯನ್ನು ಓದಲು ಕಲಿಯುತ್ತಾರೆಯೇ ಹೊರತು ಓಡಿಬಂದು ಹಾರುವ ಸ್ಮ್ಯಾಶರ್‌ನನ್ನಲ್ಲ. ಹಾಗಾಗಿ ಬೇಗನೆ ನಿಜವಾದ ಲಿಫ್ಟರ್, ನಿಜವಾದ ಸ್ಮ್ಯಾಶರ್, ನಿಜವಾದ ಬ್ಲಾಕ್ ಇರುವ ಆಟಕ್ಕೆ ಬರಬೇಕು. ಅಲ್ಲಿ ಒಂದು ಚಿಕ್ಕ ನಿಯಮ ಸಾಕು: ಎದುರಾಳಿಯ ಹೊಡೆತ ಎತ್ತಿ, ತಿರುಗಿ ಹೊಡೆದು ಗೆದ್ದರೆ ಎರಡು ಅಂಕ. ಡಿಫೆನ್ಸ್‌ಗೆ ಬೆಲೆ ಬಂದ ಕೂಡಲೇ ಆಡುವವರ ಮೈಯೂ ತಾನಾಗಿ ತಗ್ಗುತ್ತದೆ.

ಬೇರೆ ಬಣ್ಣದ ಜೆರ್ಸಿ

ಆಟದ ನಿಯಮಗಳೂ ಈ ಕಸುಬಿಗೆ ಮನ್ನಣೆ ಕೊಟ್ಟಿವೆ. 1995ರಿಂದ ಕಾಲೂ ಸೇರಿ ಮೈಯ ಯಾವ ಭಾಗದಿಂದಲೂ ಚೆಂಡು ಎತ್ತಬಹುದು. 1998ರಲ್ಲಿ ಲಿಬೆರೊ ಬಂದ. ಬೇರೆ ಬಣ್ಣದ ಜೆರ್ಸಿ ತೊಟ್ಟ ಈತ ಹಿಂಬದಿಯ ಯಾವ ಆಟಗಾರನ ಬದಲಿಗೂ ಒಳಬರಬಹುದು. ನೆಟ್‌ಗಿಂತ ಮೇಲಿರುವ ಚೆಂಡನ್ನು ಈತ ಹೊಡೆಯುವಂತಿಲ್ಲ, ಬ್ಲಾಕ್ ಮಾಡುವಂತಿಲ್ಲ. ಎತ್ತುವುದೇ ಈತನ ಕೆಲಸ. ಎತ್ತರವಿಲ್ಲ ಎಂಬ ಕಾರಣಕ್ಕೆ ಶಾಲಾ ತಂಡದಿಂದ ಹೊರಗುಳಿಯುತ್ತಿದ್ದ ಎಷ್ಟೋ ಮಕ್ಕಳಿಗೆ ಇದು ತೆರೆದ ಬಾಗಿಲು.

ನಮ್ಮ ಶಾಲೆಗಳ ದೈಹಿಕ ಶಿಕ್ಷಣ ಶಿಕ್ಷಕರಲ್ಲಿ ಒಂದು ವಿನಂತಿ. ತಂಡ ಕಟ್ಟುವಾಗ ಸಾಲಿನ ತುದಿಯಲ್ಲಿ ನಿಂತ ಗಿಡ್ಡ ಹುಡುಗಿಯನ್ನು, ಹುಡುಗನನ್ನು ಮನೆಗೆ ಕಳಿಸಬೇಡಿ. ಅವರಿಗೆ ಒಂದು ಜೊತೆ ಪ್ಯಾಡ್, ಒಂದು ಚಾಪೆ, ದಿನಕ್ಕೆ ಅರ್ಧ ಗಂಟೆ ಕೊಡಿ. ಪಂದ್ಯಾಟ ನಡೆಸುವ ಯುವಕ ಮಂಡಲಗಳಿಗೂ ಒಂದು ಮಾತು: ಬೆಸ್ಟ್ ಸ್ಮ್ಯಾಶರ್, ಬೆಸ್ಟ್ ಲಿಫ್ಟರ್ ಬಹುಮಾನಗಳ ಪಕ್ಕದಲ್ಲಿ, ಆ ರಾತ್ರಿ ಹೆಚ್ಚು ಸಲ ಮಣ್ಣಿಗೆ ಬಿದ್ದು ಚೆಂಡನ್ನು ಉಳಿಸಿದವರಿಗೂ ತಪ್ಪದೆ ಒಂದು ಬಹುಮಾನ ಇಡಿ.