ಕಥೆ ಹೇಳುತ್ತಿರುವವರು ಯಾರು? – ಶ್ರೀರಂಗಪಟ್ಟಣದಲ್ಲಿ ಶುರುವಾಗುವ ಪತ್ತೇದಾರಿ ಕಾದಂಬರಿ



ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ನಮ್ಮ ಹಿರಿಯರು ನಿದ್ದೆಗೆಟ್ಟು ಓದಿದವರು. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೂ ಅಂಥ ಕಥೆಗಳೆಂದರೆ ಪ್ರಾಣ. 'ಕಳ್ಳ ಯಾರು?' ಎಂದು ಎಲ್ಲರೂ ಕೇಳುತ್ತೇವೆ. 'ಇದನ್ನು ಹೇಳುತ್ತಿರುವವರು ಯಾರು?' ಎಂದು ಕೇಳುವುದು ಕಡಿಮೆ.

ವಿಲ್ಕಿ ಕಾಲಿನ್ಸ್ 1868ರಲ್ಲಿ ಪ್ರಕಟಿಸಿದ 'ದಿ ಮೂನ್‌ಸ್ಟೋನ್' ಇದಕ್ಕೆ ಒಳ್ಳೆಯ ಉದಾಹರಣೆ. ಅದು ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ! 1799ರ ಮೇ 4ರಂದು ಟಿಪ್ಪುವಿನ ಕೋಟೆ ಬಿದ್ದಾಗ ಹರ್ನ್‌ಕ್ಯಾಸಲ್ ಎಂಬ ಇಂಗ್ಲಿಷ್ ಅಧಿಕಾರಿ ಒಂದು ವಜ್ರವನ್ನು ದೋಚುತ್ತಾನೆ. ಕೋಟೆ ಬಿದ್ದದ್ದು ಇತಿಹಾಸ, ಈ ವಜ್ರದ ಕಥೆ ಕಲ್ಪನೆ. ಮುಂದೆ ಅದು ಯಾರ್ಕ್‌ಶೈರ್‌ನ ಮನೆಯೊಂದರಲ್ಲಿ ರೇಚೆಲ್ ಎಂಬ ಹುಡುಗಿಗೆ 18ನೇ ಹುಟ್ಟುಹಬ್ಬದಂದು ಸಿಗುತ್ತದೆ. ಬೆಳಗಾಗುವಷ್ಟರಲ್ಲಿ ಮಾಯ!

ಇಲ್ಲಿ ನಿರೂಪಕ ಒಬ್ಬನಲ್ಲ. ಪ್ರತಿಯೊಬ್ಬರೂ ತಾವು ಸ್ವತಃ ಕಂಡದ್ದನ್ನು, ತಿಳಿದದ್ದನ್ನು ಮಾತ್ರ ಬರೆಯಬೇಕೆಂಬುದು ನಿಯಮ. ಮನೆಯ ಹಳೆಯ ಮೇಲ್ವಿಚಾರಕ ಬೆಟರೆಜ್ ಜಗಲಿಯ ಮೇಲೆ ಕುಳಿತ ಅಜ್ಜನಂತೆ ಸುತ್ತಿ ಬಳಸಿ ಹೇಳುತ್ತಾನೆ. ಕಷ್ಟ ಬಂದರೆ 'ರಾಬಿನ್‌ಸನ್ ಕ್ರೂಸೋ' ತೆರೆದು ಭವಿಷ್ಯ ನೋಡುತ್ತಾನೆ! ಮಿಸ್ ಕ್ಲಾಕ್ ಕಂಡಕಂಡವರಿಗೆ ಧರ್ಮಬೋಧೆಯ ಪುಸ್ತಿಕೆ ಹಂಚುವಾಕೆ. ತನ್ನನ್ನೇ ಹೊಗಳಿಕೊಳ್ಳುತ್ತ ತನಗೆ ಗೊತ್ತಿಲ್ಲದಂತೆ ತನ್ನ ಹೊಟ್ಟೆಕಿಚ್ಚನ್ನೂ ಬಯಲು ಮಾಡುತ್ತಾಳೆ. ವಕೀಲ ಬ್ರಫ್‌ನದು ಅಳೆದು ತೂಗಿದ ಮಾತು. ಬರವಣಿಗೆಯ ಶೈಲಿಯಿಂದಲೇ ಯಾರನ್ನು ಎಷ್ಟು ನಂಬಬಹುದೆಂದು ನಮಗೆ ತಿಳಿಯುತ್ತದೆ.

ಇದರಿಂದ ಇನ್ನೊಂದು ಲಾಭ. ಎಲ್ಲವನ್ನೂ ಬಲ್ಲ ನಿರೂಪಕ ಕಳ್ಳನ ಹೆಸರು ಮುಚ್ಚಿಟ್ಟರೆ ಮೋಸವೆನಿಸುತ್ತದೆ. ಸಾಕ್ಷಿಗೆ ಗೊತ್ತೇ ಇಲ್ಲದಿದ್ದರೆ ಅದು ಮೋಸವಲ್ಲ. ಸರ್ವರ್ ಕೆಟ್ಟಾಗ ನಾವು ಸಾಫ್ಟ್‌ವೇರ್‌ನವರು ಬೇರೆ ಬೇರೆ ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತೇವಲ್ಲ, ಓದುಗರೂ ಇಲ್ಲಿ ಅದನ್ನೇ ಮಾಡಬೇಕು.

ಆದರೆ ಲೇಖನಿ ಸಿಗದವರೂ ಇದ್ದಾರೆ. ವಜ್ರ ಕಳೆದುಕೊಂಡ ರೇಚೆಲ್‌ಗೆ ತನ್ನದೇ ಅಧ್ಯಾಯವಿಲ್ಲ. ವಜ್ರವನ್ನು ದೇವರಿಗೆ ಮರಳಿಸಲು ಸಮುದ್ರ ದಾಟಿ ಬಂದ ಮೂವರು ಬ್ರಾಹ್ಮಣರಿಗೂ ಇಲ್ಲ. ಅವರ ಬಗ್ಗೆ ಬೇರೆಯವರು ಹೇಳುತ್ತಾರೆ ಅಷ್ಟೆ. ಶ್ರೀರಂಗಪಟ್ಟಣದ ಲೂಟಿಯನ್ನು ನಮಗೆ ಹೇಳುವವನು ಕೂಡ ದೋಚಿದವನ ಸೋದರಸಂಬಂಧಿ. ಆ ಊರಿನವರು ಯಾರೂ ಅಲ್ಲ.

ಕಾದಂಬರಿಯ ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಹೈಸ್ಕೂಲಿಗೆ ಹೋಗುವ ಮಕ್ಕಳೊಂದಿಗೆ ಓದಿ. ಆಮೇಲೆ ಮೊದಲ ಅಧ್ಯಾಯವನ್ನು ಶ್ರೀರಂಗಪಟ್ಟಣದ ಒಬ್ಬ ನಿವಾಸಿಯ ಬಾಯಲ್ಲಿ, ಕನ್ನಡದಲ್ಲಿ, ಒಂದು ಪುಟ ಬರೆಯಲು ಹೇಳಿ. ಅದೇ ರಾತ್ರಿ ಎಷ್ಟು ಬೇರೆಯಾಗಿ ಕಾಣುತ್ತದೆಂದು ಅವರೇ ಕಂಡುಕೊಳ್ಳುತ್ತಾರೆ.

ಕಳ್ಳನ ಹೆಸರನ್ನು ಮಾತ್ರ ನಾವು ಹೇಳುವುದಿಲ್ಲ!