ತುಂಡಾದರೂ ಸಾಯದ ನರ

ನರ ತುಂಡಾದಾಗ ಅದು ಎಷ್ಟು ಬೇಗ ಮತ್ತೆ ಬೆಳೆಯುತ್ತದೆ ಎಂಬುದೇ ಮುಖ್ಯ ಎಂದು ನಾವು ಎಣಿಸುತ್ತೇವೆ. ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಸಿಹಿನೀರಿನ ಕ್ರೇಫಿಶ್ ಹೇಳುವುದು ಬೇರೆ: ಕಡಿದುಹೋದ ಆಚೆಯ ತುಂಡನ್ನು ಬದುಕಿಸಿಕೊಳ್ಳುವುದೇ ದೊಡ್ಡ ಕೆಲಸ. 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ, ಕೋಶದಿಂದ ಬೇರ್ಪಟ್ಟ ಭಾಗ ದಿನಗಳಲ್ಲೇ ಶಿಥಿಲವಾಗುವುದನ್ನು ತೋರಿಸಿದ. ಮನುಷ್ಯರಲ್ಲೂ ಇದೇ ಪಾಡು. ಉಳಿದ ತುದಿ ಬೆಳೆಯುವುದು ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಭುಜದ ಬಳಿ ತುಂಡಾದ ನರ ಅಂಗೈ ಮುಟ್ಟುವ ಹೊತ್ತಿಗೆ ಅಲ್ಲಿನ ಸ್ನಾಯು ಸೊರಗಿಹೋಗಿರುತ್ತದೆ.

ಕ್ರೇಫಿಶ್‌ನ ಇಕ್ಕಳ ತೆರೆಯುವ ಸ್ನಾಯುವನ್ನು ನೋಡಿ. ಅದಕ್ಕೆ ಬಿಗಿಯಲು ಅಪ್ಪಣೆ ಕೊಡುವುದು ಒಂದೇ ಒಂದು ನರತಂತು. ಅದು ಕವಲೊಡೆದು ಸ್ನಾಯುವಿನ ಎಳೆ ಎಳೆಗೂ ಹರಡಿರುತ್ತದೆ. ಕ್ರೇಫಿಶ್‌ನ ಇಂಥ ಚಾಲಕ ತಂತುಗಳನ್ನು ಕತ್ತರಿಸಿದರೆ, ಆಚೆಯ ತುಂಡು ತಿಂಗಳುಗಟ್ಟಲೆ ಜೀವಂತವಾಗಿರುತ್ತದೆ. ಆ ತುಂಡಿಗೆ ವಿದ್ಯುತ್ ಸೋಕಿಸಿದರೆ ಸ್ನಾಯು ಹಿಂದಿನಂತೆಯೇ ಬಿಗಿಯುತ್ತದೆ. ಸುತ್ತಲಿನ ಗ್ಲಿಯಾ ಎಂಬ ಪೋಷಕ ಕೋಶಗಳು ಅದಕ್ಕೆ ಪ್ರೋಟೀನು ಒದಗಿಸುತ್ತವೆ ಎನ್ನುವುದಕ್ಕೆ ಪುರಾವೆಗಳಿವೆ. 1967ರಲ್ಲಿ ಹಾಯ್, ಬಿಟ್ನರ್, ಕೆನಡಿ ಎಂಬ ಮೂವರು ‘ಸೈನ್ಸ್’ ಪತ್ರಿಕೆಯಲ್ಲಿ, ಕೋಶದ ಕಡೆಯಿಂದ ಬೆಳೆದು ಬಂದ ಚಿಗುರು ಈ ಹಳೆಯ ತುಂಡಿನೊಂದಿಗೇ ಬೆಸೆದುಕೊಳ್ಳುತ್ತದೆ ಎಂದು ವಾದಿಸಿದರು. ಗಾಯದ ಜಾಗ ದಾಟಿದರೆ ಸಾಕು, ಅಲ್ಲಿಂದಾಚೆಗೆ ಸ್ನಾಯುವಿನವರೆಗಿನ ದಾರಿ, ಕವಲುಗಳು, ಕೂಡುತಾಣಗಳು ಎಲ್ಲವೂ ಸಿದ್ಧವಾಗಿಯೇ ಇರುತ್ತವೆ. ನೂರಾರು ಚಾಲಕ ತಂತುಗಳಿರುವ ನಮ್ಮ ಸ್ನಾಯು ಕೆಲವನ್ನು ಕಳೆದುಕೊಂಡರೂ ತಡೆದೀತು; ಒಂದನ್ನೇ ನಂಬಿದ ಇಕ್ಕಳಕ್ಕೆ ಆ ಅನುಕೂಲವಿಲ್ಲ. ಅದಕ್ಕೇ ಕ್ರೇಫಿಶ್ ಆ ತುಂಡನ್ನು ಬದುಕಿಸಿಕೊಳ್ಳುತ್ತದೆ ಎಂದು ನನಗನಿಸುತ್ತದೆ. ಅದೇ ಕ್ರೇಫಿಶ್‌ನಲ್ಲಿ ಹೇರಳವಾಗಿರುವ ಸಂವೇದನಾ ತಂತುಗಳು ಕಡಿದರೆ ಬೇಗ ನಶಿಸುತ್ತವೆ ಎಂಬುದು ನನ್ನ ಈ ಊಹೆಗೆ ಬಲ ಕೊಡುತ್ತದೆ.

ಬೆಸುಗೆ ನಿಜವಾಗಿ ಆಗುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಲವು ಕಡೆ ಕಂಡದ್ದು, ಹಳೆಯ ತುಂಡಿನ ಪಕ್ಕದಲ್ಲೇ ಸಾಗುವ ಸಣ್ಣ ಸಣ್ಣ ಚಿಗುರುಗಳು. ಆದರೆ ಇದರಿಂದ ವಾದ ಸಡಿಲವಾಗುವುದಿಲ್ಲ. ಚಿಗುರು ಒಳಗೆ ಬೆಸೆಯಲಿ, ಪಕ್ಕದಿಂದ ಸಂದೇಶ ದಾಟಿಸಲಿ, ಎರಡಕ್ಕೂ ಆಚೆಯ ತುಂಡು ಉಸಿರಾಡುತ್ತಿರಲೇಬೇಕು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ನಮ್ಮ ಒಂದು ನರದಲ್ಲೇ ಸಾವಿರಾರು ತಂತುಗಳಿರುವಾಗ ಯಾವ ತುದಿ ಯಾವುದಕ್ಕೆ ಸೇರಬೇಕು? ಟೆಕ್ಸಾಸ್‌ನಲ್ಲಿ ಬಿಟ್ನರ್ ಅವರ ತಂಡ ಇಲಿಗಳ ಕಾಲಿನ ನರವನ್ನು ಕತ್ತರಿಸಿ, ತುದಿಗಳನ್ನು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕದಿಂದ ಕೂಡಿಸಿತು. ಜೋಡಿಗಳು ಅದಲುಬದಲಾದರೂ ಇಲಿಗಳು ಕೆಲವೇ ವಾರಗಳಲ್ಲಿ ಕಾಲಿನ ಬಳಕೆಯನ್ನು ಬಹುಮಟ್ಟಿಗೆ ಮರಳಿ ಪಡೆದವು ಎಂದು ಅವರು ವರದಿ ಮಾಡಿದ್ದಾರೆ. ಹೊಸ ಜೋಡಣೆಗೆ ಮಿದುಳು, ಬೆನ್ನುಹುರಿ ಒಗ್ಗಿಕೊಂಡಿರಬೇಕು. ಆದರೆ ತುದಿ ಕೂಡಿಸುವ ಈ ಕೆಲಸ ಆಚೆಯ ತುಂಡು ನಶಿಸುವ ಮುನ್ನವೇ ಮುಗಿಯಬೇಕು. ಕ್ರೇಫಿಶ್‌ಗೆ ತಿಂಗಳುಗಳ ಬಿಡುವಿದ್ದರೆ, ಗಾಯಾಳುವನ್ನು ಮೇಜಿನ ಮೇಲೆ ಮಲಗಿಸಿಕೊಂಡ ಶಸ್ತ್ರವೈದ್ಯರಿಗೆ ಸಿಗುವುದು ಒಂದೆರಡು ದಿನ.