ಕಣದ ಸುತ್ತು ಮತ್ತು ಮಹಾವೀರಾಚಾರ್ಯನ ಚಕ್ರವಾಳವೃತ್ತ

ಒಂದೇ ಕೇಂದ್ರವುಳ್ಳ ಎರಡು ವೃತ್ತಗಳ ನಡುವಣ ಬಳೆಯಾಕಾರದ ಕ್ಷೇತ್ರವನ್ನು ಅಳೆಯುವ ಕ್ರಮವು ಕನ್ನಡ ನಾಡಿನ ಶಾಸ್ತ್ರಪರಂಪರೆಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನನ್ನು ಗ್ರಂಥಾರಂಭದಲ್ಲಿ ಸ್ತುತಿಸಿರುವ 9ನೆಯ ಶತಮಾನದ ಜೈನ ಗಣಿತಜ್ಞ ಮಹಾವೀರಾಚಾರ್ಯನು ತನ್ನ ಸಂಸ್ಕೃತ ಕೃತಿ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಚಕ್ರವಾಳವೃತ್ತವೆಂದು ಕರೆದು, ಬಹಿಶ್ಚಕ್ರವಾಳ ಮತ್ತು ಅಂತಶ್ಚಕ್ರವಾಳ ಎಂದು ಎರಡಾಗಿ ವಿಂಗಡಿಸಿದ್ದಾನೆ.

ಒಳವೃತ್ತದ ವ್ಯಾಸ ತಿಳಿದಿದ್ದರೆ ಅದಕ್ಕೆ ಬಳೆಯ ಅಗಲವನ್ನು ಕೂಡಿಸಬೇಕು. ಹೊರವೃತ್ತದ ವ್ಯಾಸ ತಿಳಿದಿದ್ದರೆ ಅದರಿಂದ ಅಗಲವನ್ನು ಕಳೆಯಬೇಕು. ಬಂದುದನ್ನು ಮೂರರಿಂದಲೂ ಅಗಲದಿಂದಲೂ ಗುಣಿಸಿದರೆ ಸ್ಥೂಲಫಲ ದೊರೆಯುತ್ತದೆ. ಸೂಕ್ಷ್ಮಫಲಕ್ಕೆ ಮೂರರ ಬದಲು ಹತ್ತರ ವರ್ಗಮೂಲವನ್ನು ಬಳಸಬೇಕು.

ಈ ಸೂತ್ರದ ಒಳಮರ್ಮವು ಒಕ್ಕಣೆಯ ಕಣದಲ್ಲಿ ಸ್ಪಷ್ಟವಾಗುತ್ತದೆ. ಮೇಟಿಗೆ ಸಾಲಾಗಿ ಕಟ್ಟಿದ ಹಂತಿಯ ಎತ್ತುಗಳಲ್ಲಿ ಒಳಗಿನದು ಕಡಿಮೆ ದೂರವನ್ನೂ ಹೊರಗಿನದು ಹೆಚ್ಚು ದೂರವನ್ನೂ ನಡೆಯುತ್ತದೆ. ಒಳಗಿನದರ ಕೊರತೆಯನ್ನು ಹೊರಗಿನದರ ಹೆಚ್ಚಳವು ಸರಿದೂಗಿಸುವುದರಿಂದ, ನಟ್ಟನಡುವಿನ ಎತ್ತಿನ ಸುತ್ತನ್ನು ತುಳಿತದ ಅಗಲದಿಂದ ಗುಣಿಸಿದರೆ ತುಳಿದ ನೆಲದ ವಿಸ್ತೀರ್ಣ ಬರುತ್ತದೆ. ಮೇಟಿಯ ಸುತ್ತ 4 ಮೊಳ ವ್ಯಾಸದ ಜಾಗ ಬಿಟ್ಟು 6 ಮೊಳ ಅಗಲಕ್ಕೆ ಹಂತಿ ನಡೆಯಿತೆನ್ನೋಣ. ನಡುಸುತ್ತಿನ ವ್ಯಾಸ 10 ಮೊಳ. ಹೊರವ್ಯಾಸವಾದ 16ರಿಂದ 6 ಕಳೆದರೂ ಅದೇ 10. ಸ್ಥೂಲಫಲ 180 ಚದರ ಮೊಳ, ಸೂಕ್ಷ್ಮಫಲ ಸುಮಾರು 189.7. ಇಂದಿನ ಲೆಕ್ಕದಂತೆ ಇದು ಸುಮಾರು 188.5. ಅಂದರೆ ವ್ಯತ್ಯಾಸವಿರುವುದು ಪರಿಧಿ–ವ್ಯಾಸಗಳ ಅನುಪಾತಕ್ಕೆ ಹಿಡಿದ ಬೆಲೆಯಲ್ಲಿ ಮಾತ್ರ. ಸೂತ್ರದ ರಚನೆಯು ನಿರ್ದುಷ್ಟವಾಗಿದೆ.

ಜೈನ ಲೋಕವರ್ಣನೆಗೂ ಈ ಲೆಕ್ಕ ಅವಶ್ಯವಾಗಿತ್ತು. 1 ಲಕ್ಷ ಯೋಜನ ವ್ಯಾಸದ ಜಂಬೂದ್ವೀಪವನ್ನು 2 ಲಕ್ಷ ಯೋಜನ ಅಗಲದ ಲವಣಸಮುದ್ರವೂ, ಅದನ್ನು 4 ಲಕ್ಷ ಯೋಜನ ಅಗಲದ ಧಾತಕೀಖಂಡವೂ ಬಳಸಿವೆ. ಮೇಲಿನ ಕ್ರಮದಿಂದ ಲವಣಸಮುದ್ರವು ಜಂಬೂದ್ವೀಪದ 24 ಪಟ್ಟು, ಧಾತಕೀಖಂಡವು 144 ಪಟ್ಟು ವಿಸ್ತಾರವುಳ್ಳದ್ದೆಂದು ತಿಳಿಯುತ್ತದೆ. ಇಲ್ಲಿ ಯಾವ ಅನುಪಾತವನ್ನು ಹಿಡಿದರೂ ಉತ್ತರ ಬದಲಾಗದು.

ಸೂತ್ರವು ಕಣದಿಂದಲೇ ಹುಟ್ಟಿತೆಂಬುದು ಪ್ರಸ್ತುತ ಲೇಖನದ ವಾದವಲ್ಲ. ಆದರೆ ಹಂತಿಯ ಪದಗಳನ್ನು ಆಸ್ಥೆಯಿಂದ ಸಂಗ್ರಹಿಸಿದ ಜಾನಪದ ವಿದ್ವಾಂಸರಾದ ನಾವು, ಆ ಪದಗಳು ಸುತ್ತಿದ ನೆಲದ ಅಳತೆಯನ್ನು ಅಷ್ಟೇ ಆಸ್ಥೆಯಿಂದ ದಾಖಲಿಸಲಿಲ್ಲ. ಒಕ್ಕಣೆ ಯಂತ್ರಗಳು ಬಂದು ಮೇಟಿಗಳು ಮರೆಯಾಗುತ್ತಿರುವಾಗ, ಹಾಡಿನೊಡನೆ ಮೇಟಿಯಿಂದ ಅಂಚಿನವರೆಗಿನ ದೂರ, ಹಂತಿಯ ಅಗಲ, ಎತ್ತುಗಳ ಸಂಖ್ಯೆ ಇವನ್ನೂ ಬರೆದಿಡುವುದು ಕ್ಷೇತ್ರಕಾರ್ಯದ ಅಗತ್ಯ ಭಾಗವಾಗಬೇಕಾಗಿದೆ.